ಹಾಲಿನ ಗಾಜು

ಆ ವರ್ಷ ಚಳ್ಳಕೆರೆಗೆ ಪ್ಲೇಗು ಬಂದದ್ದು ಸುಗ್ಗಿ ಮುಗಿದ ಮೇಲೆ. ಮೊದಲು ಪೇಟೆಯ ಉಗ್ರಾಣಗಳಲ್ಲಿ ಇಲಿಗಳು ಬಿದ್ದವು. ಹದಿನೈದು ದಿನಕ್ಕೆ ಮನುಷ್ಯರು ಬಿದ್ದರು. ಅಮಲ್ದಾರರು ಊರು ಖಾಲಿ ಮಾಡಿಸಿದರು. ಜನ ಊರಾಚೆಯ ಬಯಲಿನಲ್ಲಿ ಜೋಳದ ದಂಟಿನ ಗುಡಿಸಲು ಹಾಕಿಕೊಂಡರು. ಕಾಯಿಲೆಯವರಿಗೆ ಬೇರೆ ಸಾಲು, ತಾಯಿ ಸತ್ತ ಐದು ಹಸುಗೂಸುಗಳಿಗೆ ಕಡೆಯಲ್ಲೊಂದು ಗುಡಿಸಲು. ಆ ಕೂಸುಗಳನ್ನು ಪಾತಮ್ಮ ಎಂಬ ಮುದುಕಿ ನೋಡಿಕೊಳ್ಳುತ್ತಿದ್ದಳು. ಊರಿನ ಅರ್ಧ ಮಕ್ಕಳನ್ನು ಹೆರಿಗೆ ಮಾಡಿಸಿದ ಸೂಲಗಿತ್ತಿ ಅವಳು.

ಶಿಬಿರದ ಔಷಧ ಶಿವಮೂರ್ತಪ್ಪನ ವಶದಲ್ಲಿತ್ತು. ಮೊಳಕಾಲ್ಮೂರಿನ ಕಾಳಿನ ವ್ಯಾಪಾರಿಯ ಮಗ, ಇಪ್ಪತ್ತಾರರ ಹುಡುಗ. ಶೀಶೆಗಳ ಮೇಲಿನ ಇಂಗ್ಲಿಷನ್ನು ಕೂಡಿಸಿ ಓದುವಷ್ಟು ಕಲಿತು ಕಾಂಪೌಂಡರ್ ಆಗಿದ್ದ. ದುರ್ಗದಿಂದ ಡಾಕ್ಟರು ಹದಿನೈದು ದಿನಕ್ಕೊಮ್ಮೆ ಕುದುರೆ ಮೇಲೆ ಬಂದು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಜನ ಅವನನ್ನೇ ಡಾಕ್ಟರೇ ಎಂದು ಕರೆಯುತ್ತಿದ್ದರು. ಅವನೂ ಬೇಡ ಎನ್ನುತ್ತಿರಲಿಲ್ಲ.

ಶಿಬಿರಕ್ಕೆ ಹಾಲು ಎರಡು ಕಡೆಯಿಂದ ಬರುತ್ತಿತ್ತು. ಪೇಟೆಯ ಹುಲಿಯಪ್ಪ ಬೆಳಗಿನ ಜಾವದ ತಂಪಿನಲ್ಲೇ ಎರಡು ತಪ್ಪಲೆ ಕಳಿಸುತ್ತಿದ್ದ. ನನ್ನಿವಾಳದಾಚೆಯ ಹಟ್ಟಿಯಿಂದ ಮುದ್ದಕ್ಕ ಹಿತ್ತಾಳೆ ಕೊಡ ಹೊತ್ತು ನಡೆದು ಬರುತ್ತಿದ್ದಳು. ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿರುತ್ತಿತ್ತು. ಐವತ್ತು ದಾಟಿದ ಗಂಡಿಲ್ಲದ ಹೆಂಗಸು, ಮಾತು ಕಡಿಮೆ. ಅವಳ ಹಾಲನ್ನು ಪಾತಮ್ಮ ಕೂಸುಗಳಿಗೆಂದೇ ತೆಗೆದಿಟ್ಟುಕೊಳ್ಳುತ್ತಿದ್ದಳು.

ಶಿಬಿರಗಳಿಗೆ ಕೊಡುವ ಹಾಲಿನಲ್ಲಿ ನೀರು ಬೆರೆಸುತ್ತಾರೆಂದು ಮೇಲಿನವರಿಗೆ ದೂರು ಹೋಗಿತ್ತು. ಮಾಘ ಕಳೆಯುವ ಹೊತ್ತಿಗೆ ಬೆಂಗಳೂರಿನಿಂದ ಒಂದು ಪೆಟ್ಟಿಗೆ ಬಂತು. ಮರದ ಹೊಟ್ಟಿನಲ್ಲಿ ಹೂತಿಟ್ಟ ಎರಡು ಗಾಜಿನ ಸಾಮಾನು, ಜೊತೆಗೆ ಮಡಚಿದ ಒಂದು ಇಂಗ್ಲಿಷ್ ಕಾಗದ. ಒಂದು ಲ್ಯಾಕ್ಟೋಮೀಟರು. ಕೆಳಗೆ ಗುಂಡು, ಮೇಲೆ ಸಣ್ಣ ಕೊಳವೆ, ಕೊಳವೆಯ ಮೇಲೆ ಗೀಟುಗಳು. ನೀರಿಗೆ ಬಿಟ್ಟರೆ ಮೇಲಿನ ಗೀಟಿನ ತನಕ ಮುಳುಗುತ್ತದೆ, ಅಪ್ಪಟ ಹಾಲಿಗೆ ಬಿಟ್ಟರೆ ಕೆಳಗಿನ ಕೆಂಪು ಗೀಟಿನಲ್ಲೇ ನಿಲ್ಲುತ್ತದೆ. ಇನ್ನೊಂದು ಬಿಸಿ ಅಳೆಯುವ ಪಾದರಸದ ಕಡ್ಡಿ. ಅದು ಪೆಟ್ಟಿಗೆಯಿಂದ ತೆಗೆಯುವಾಗಲೇ ಶಿವಮೂರ್ತಪ್ಪನ ಕೈಜಾರಿ ಔಷಧ ಅರೆಯುವ ಕಲ್ಲಿನ ಮೇಲೆ ಬಿತ್ತು. ಪಾದರಸ ಗುಳಿಗೆ ಗುಳಿಗೆಯಾಗಿ ಉರುಳಿ ನೆಲದ ಬಿರುಕಿನಲ್ಲಿ ಸೇರಿಹೋಯಿತು. ಸರಕಾರದ ಸಾಮಾನು ಒಡೆದದ್ದಕ್ಕೆ ಯಾರಿಗೆ ಏನು ಉತ್ತರ ಕೊಡಬೇಕಾದೀತೋ ಎಂದು ಹೆದರಿ ಚೂರುಗಳನ್ನು ಗುಡಿಸಲ ಹಿಂದೆ ಹೂತ. ಕಾಗದದ ತುಂಬ ಅಂಕಿಗಳ ಕೋಷ್ಟಕವಿತ್ತು. ಎರಡು ಸಾಲು ಓದಿ, ಹಾಲು ನೋಡುವುದಕ್ಕೆ ಹಾಲಿನ ಗಾಜು ಸಾಕಲ್ಲ ಎಂದುಕೊಂಡು ಮಡಚಿಟ್ಟ.

ಮಾರನೆಯ ದಿನ ಹುಲಿಯಪ್ಪನ ಹಾಲಿಗೆ ಗಾಜು ಬಿಟ್ಟ. ಕೆಂಪು ಗೀಟಿಗೆ ಸರಿಯಾಗಿ ನಿಂತಿತು. ಮಧ್ಯಾಹ್ನ ಮುದ್ದಕ್ಕನ ಹಾಲಿಗೆ ಬಿಟ್ಟ. ಕೆಂಪು ಗೀಟು ಮುಳುಗಿಯೇ ಹೋಯಿತು.

ನೀರು ಬೆರೆತ ಹಾಲನ್ನು ಎಲ್ಲರೆದುರಿಗೆ ನೆಲಕ್ಕೆ ಚೆಲ್ಲಬೇಕೆಂದು ಹುಕುಂ ಇತ್ತು. ಅವನು ಕೊಡ ಬಗ್ಗಿಸಿದ. ಸುಟ್ಟ ನೆಲ ಹಾಲನ್ನು ಕ್ಷಣದಲ್ಲಿ ಹೀರಿಕೊಂಡಿತು. ಮುದ್ದಕ್ಕ ಬಗ್ಗಿ ಆ ಒದ್ದೆ ಮಣ್ಣನ್ನು ಮುಟ್ಟಿ ಹಣೆಗೊತ್ತಿಕೊಂಡು, ಬರಿ ಕೊಡ ಹೊತ್ತು ಹೊರಟುಹೋದಳು.

ಒಂದು ವಾರದಲ್ಲಿ ಮೂರು ಸಲ ಹೀಗೇ ಆಯಿತು. ಮೂರನೆಯ ಸಲ ಅವನು ಅಮಲ್ದಾರರಿಗೆ ಬರೆದ, ಅವಳ ಹಾಲು ನಿಂತಿತು. ಕೂಸುಗಳಿಗೂ ಹುಲಿಯಪ್ಪನ ಹಾಲೇ ಗತಿಯಾಯಿತು. ಎರಡು ದಿನ ಬಿಟ್ಟು ಪಾತಮ್ಮ ಬಂದು, ಈ ಹಾಲಿಗೆ ಬೆರಳು ಅದ್ದಿದರೆ ಬೆರಳು ಬೆಳ್ಳಗಾಗುವುದಿಲ್ಲ, ಕುಡಿದ ಗಳಿಗೆಗೇ ಕೂಸುಗಳು ಮತ್ತೆ ಬಾಯಿ ತೆರೆಯುತ್ತವೆ ಎಂದಳು. ಬೆರಳಿನಿಂದ ಹಾಲು ನೋಡುವ ಕಾಲ ಹೋಯಿತು ಎಂದು ಅವನು ನಕ್ಕುಬಿಟ್ಟ.

ಅದೇ ವಾರ ಮುದ್ದಕ್ಕ ಬಂದಳು, ಕೊಡವಿಲ್ಲದೆ. ಹಟ್ಟಿಗೆ ಸುದ್ದಿ ಮುಟ್ಟಿತ್ತು. ಹಾಲಿಗೆ ನೀರು ಬೆರೆಸಿದವರ ಕೈ ತಗುಲಿದರೆ ಗೂಡಿನ ದನಗಳ ಕೆಚ್ಚಲೆಲ್ಲ ಬತ್ತುತ್ತದೆ ಎಂದು ಅಲ್ಲಿಯವರ ನಂಬಿಕೆ. ಹಟ್ಟಿಯ ಯಜಮಾನ ಮಾರಣ್ಣ, ಅವಳಿಗೆ ವರಸೆಯಲ್ಲಿ ಅಣ್ಣ, ದನದ ಗೂಡಿಗೆ ಕಾಲಿಡಬೇಡ ಎಂದಿದ್ದ.

"ಸಾಮೀ, ನೀವೇ ನಮ್ಮ ಹಟ್ಟಿಗೆ ಬರ್ರಿ," ಎಂದಳು. "ನಿಮ್ಮ ಕೈಯಾರ ಹಾಲು ಕರಕಳ್ರಿ. ಅಲ್ಲೇ ಗಾಜು ಬಿಟ್ಟು ನೋಡ್ರಿ. ಆಮೇಲೆ ನೀವು ಏನಂದ್ರೂ ಕೇಳ್ತೀನಿ."

ಅವನಿಗೆ ಒಂದು ಗಳಿಗೆ ಹೋಗೋಣ ಅನ್ನಿಸಿತು. ಆದರೆ ಮೂರು ಸಲ ಎಲ್ಲರೆದುರಿಗೆ ಚೆಲ್ಲಿದ್ದ, ಬರೆದೂ ಬರೆದಿದ್ದ. ಈಗ ಹೊರಟರೆ ತನಗೇ ಅನುಮಾನ ಎಂದು ಜನ ತಿಳಿದಾರು.

"ಗಾಜಿಗೆ ನಿನ್ನ ಮೇಲೆ ಹಗೆ ಏನೈತೆ, ಮುದ್ದಕ್ಕ? ಅದು ಸುಳ್ಳು ಹೇಳಲ್ಲ," ಎಂದ. "ಹೋಗು, ನನಗೆ ಕೆಲ್ಸ ಐತೆ."

ಅವಳು ಹಟ್ಟಿಯ ದಾರಿ ಹಿಡಿದಳು.

ಮುಂದಿನ ಸೋಮವಾರ ಹಟ್ಟಿಯಲ್ಲಿ ನಡೆದದ್ದು ಅವನಿಗೆ ಪಾತಮ್ಮನ ಬಾಯಿಂದ ತಿಳಿಯಿತು. ಯಾರೂ ಕೇಳಿರಲಿಲ್ಲ, ಸತ್ಯದ ಪರೀಕ್ಷೆ ಕೊಡುತ್ತೇನೆಂದು ಮುದ್ದಕ್ಕ ತಾನೇ ಕೇಳಿಕೊಂಡಿದ್ದಳು. ಮೊದಲು ಮಾರಣ್ಣ ಒಪ್ಪಿರಲಿಲ್ಲವಂತೆ. ದೇವರ ಗೂಡಿನ ಮುಂದೆ ಮಡಕೆಯಲ್ಲಿ ಹಾಲು ಕುದಿಸಿ, ಅದರೊಳಗೆ ಬೆಳ್ಳಿ ಬಿಲ್ಲೆ ಹಾಕಿ, ಬರಿಗೈಲಿ ತೆಗೆಯುವುದು. ಸತ್ಯವಂತರ ಕೈ ಬೇಯುವುದಿಲ್ಲ. ಅವಳು ಬಲಗೈ ಇಳಿಬಿಟ್ಟು, ತಡಕಿ, ಬಿಲ್ಲೆ ತೆಗೆದು ಕಲ್ಲಿನ ಮೇಲಿಟ್ಟಳು. ಕೈಗೆ ಬಟ್ಟೆ ಸುತ್ತಿದರು. ಮೂರನೆಯ ದಿನ ಬಿಚ್ಚಿದಾಗ ಚರ್ಮ ಬಟ್ಟೆಯ ಜೊತೆಗೇ ಬಂತು. ಅವಳನ್ನು ಮುಳ್ಳುಬೇಲಿಯಾಚೆಯ ಗುಡಿಸಲಿಗೆ ಕಳಿಸಿದರು.

ಇದನ್ನು ಕೇಳಿದ ಮೇಲೆ ಶಿವಮೂರ್ತಪ್ಪನಿಗೆ ಅನ್ನ ಸೇರದಾಯಿತು. ತಪ್ಪು ಮಾಡಿದವಳು ತನ್ನ ಕೈ ತಾನೇ ಸುಟ್ಟುಕೊಳ್ಳುತ್ತಾಳೆಯೇ? ಆ ಪ್ರಶ್ನೆಯನ್ನು ಪೂರ್ತಿ ಕೇಳಿಕೊಳ್ಳಲು ಧೈರ್ಯ ಬಾರದೆ, ಅವ್ವನಿಗೆ ಮೈ ಸರಿಯಿಲ್ಲವೆಂದು ಎಂಟು ದಿನ ರಜೆ ಪಡೆದು ಗಾಡಿ ಹತ್ತಿದ. ಹಾಲಿನ ಗಾಜನ್ನೂ ಅದರ ಕಾಗದವನ್ನೂ ಬಟ್ಟೆಯಲ್ಲಿ ಸುತ್ತಿ ಜೊತೆಗಿಟ್ಟುಕೊಂಡ. ಏಕೆಂದು ಕೇಳಿದ್ದರೆ ಅವನು ಹೇಳಲಾರನಾಗಿದ್ದ.

ಮೊಳಕಾಲ್ಮೂರಿನಲ್ಲಿ ಅವರ ಮನೆಯ ಹಿಂದಿನ ಅಂಗಳ ಚಿತ್ತಯ್ಯನದು. ರೇಷ್ಮೆ ಬೇಯಿಸಿ ಬಣ್ಣ ಕಟ್ಟುವ ಮುದುಕ, ಶಿವಮೂರ್ತಪ್ಪನನ್ನು ಎತ್ತಿ ಆಡಿಸಿದವನು. ಶಿವಮೂರ್ತಪ್ಪ ಹಿತ್ತಿಲ ಕಟ್ಟೆಯ ಮೇಲೆ ಸುಮ್ಮನೆ ಕೂತು ನೋಡುತ್ತಿದ್ದ. ಹಸಿ ರೇಷ್ಮೆಯ ಅಂಟು ಬಿಡಿಸಲು ಚೌಳು ಮಣ್ಣಿನ ನೀರು ಕಾಯಿಸುತ್ತಾರೆ. ನೀರು ಹೆಚ್ಚು ಖಾರವಾದರೆ ರೇಷ್ಮೆಯೇ ಕರಗಿಹೋಗುತ್ತದೆ, ಕಡಿಮೆಯಾದರೆ ಅಂಟು ಬಿಡುವುದಿಲ್ಲ. ಅದನ್ನು ನೋಡಲು ಚಿತ್ತಯ್ಯನ ಹತ್ತಿರ ಒಂದು ಗಜ್ಜುಗದ ಕಾಯಿ ಇತ್ತು. ಅದಕ್ಕೆ ತೂತು ಕೊರೆದು, ಸೀಸದ ಗುಂಡು ಹಾಕಿ, ಅರಗಿನಿಂದ ಮುಚ್ಚಿದ್ದ. ಚೌಳು ಹದವಾಗಿದ್ದರೆ ಕಾಯಿ ತೇಲಿ ನೆತ್ತಿ ತೋರಿಸುತ್ತದೆ, ತೆಳ್ಳಗಿದ್ದರೆ ಮುಳುಗುತ್ತದೆ.

ಮುದುಕ ಕಾಯುತ್ತಿದ್ದ ಹಂಡೆಯಿಂದ ಒಂದು ಚೊಂಬು ನೀರು ತೆಗೆದು ನೆರಳಿನಲ್ಲಿಟ್ಟು, ಎಲೆ ಅಡಿಕೆ ಹಾಕಿಕೊಂಡು ಕೂತ. ಹಂಡೆಗೇ ಕಾಯಿ ಬಿಡಬಾರದೇ, ಕಾಯುವುದೇಕೆ ಎಂದು ಶಿವಮೂರ್ತಪ್ಪ ಕೇಳಿದ.

"ವೇಡಿಯಲ್ಲಿ, ಬಿಸಿ ಇದ್ದಾಗ, ನೋಡಬಾರದು ನಾಯನಾ," ಎಂದ ಚಿತ್ತಯ್ಯ. "ಬಿಸಿ ಆದ್ರೆ ನೀರು ಸಡ್ಲಾಗ್ತೈತೆ. ಹದವಾಗಿರೋ ಚೌಳಲ್ಲೂ ಕಾಯಿ ಮುಳುಗ್ತೈತೆ. ಅದನ್ನ ನಂಬಿ ಇನ್ನಷ್ಟು ಚೌಳು ಹಾಕಿದ್ರೆ, ಹೋಯ್ತು, ರೇಷ್ಮೆ ಗಂಜಿ ಆಗ್ತೈತೆ."

ಶಿವಮೂರ್ತಪ್ಪ ಕಟ್ಟೆಯಿಂದ ಎದ್ದು ಕೊಟ್ಟಿಗೆಗೆ ನಡೆದ.

ಅವನು ಮನೆಯ ಹಸುವಿನ ಹಾಲನ್ನು ತಾನೇ ಕರೆದ. ಅವ್ವ ಕೊಟ್ರಮ್ಮ, ಇಷ್ಟು ವರ್ಷ ಇಲ್ಲದ್ದು ಇವತ್ತೇನು ಎಂದು ಬಾಗಿಲಲ್ಲಿ ನಿಂತು ನೋಡಿದಳು. ಹನಿ ನೀರು ಬೆರೆಯದ ಆ ಹಾಲನ್ನು ಚೊಂಬಿನಲ್ಲಿ ಮುಚ್ಚಿ ಬಿಸಿಲಿಗಿಟ್ಟ, ಮುದ್ದಕ್ಕನ ಕೊಡ ದಾರಿಯಲ್ಲಿ ಕಾದಷ್ಟು ಹೊತ್ತು. ಗಾಜು ಬಿಟ್ಟ. ಕೆಂಪು ಗೀಟು ಮುಳುಗಿತು. ಅದೇ ಹಾಲನ್ನು ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಗೆ ಹಾಕಿ, ಗಾಳಿಯಾಡುವ ಕಡೆ ತೂಗುಹಾಕಿ, ಬೆಳಗಿನ ಜಾವ ಕದಡಿ ನೋಡಿದ. ಗಾಜು ಎದ್ದು ನಿಂತಿತು. ಕೆಂಪು ಗೀಟು ಹಾಲಿನ ಮೇಲೆ ಹಣೆಯ ಕುಂಕುಮದಂತೆ ಕಾಣಿಸಿತು. ಅವನು ಅಷ್ಟಕ್ಕೆ ಬಿಡಲಿಲ್ಲ. ಮರುದಿನದ ಹಾಲನ್ನೂ ಹಾಗೇ ಇಟ್ಟು, ಕದಡದೆ, ಗಡಿಗೆಯ ಮೇಲೆ ನಿಂತ ಕೆನೆಯನ್ನೆಲ್ಲ ತೆಗೆದು ಗಾಜು ಬಿಟ್ಟ. ಗಾಜು ಇನ್ನೂ ಮೇಲೆ ಬಂತು. ಚೂರು ಚೂರೇ ನೀರು ಹುಯ್ದ. ಅದು ಇಳಿಯುತ್ತಾ ಇಳಿಯುತ್ತಾ ಕೆಂಪು ಗೀಟಿಗೆ ಬಂದು, ಅಪ್ಪಟ ಹಾಲು ಎಂದು ನಿಂತಿತು. ಹುಲಿಯಪ್ಪ ಕಳಿಸುತ್ತಿದ್ದದ್ದು ಇಂಥದೇ ಹಾಲು.

ಕಾಗದವನ್ನು ಶಾಲೆಯ ಮೇಷ್ಟರಿಗೆ ತೋರಿಸಿದ. ಗಾಜನ್ನು ಇಂತಿಷ್ಟು ತಂಪಿನಲ್ಲೇ ನೋಡಬೇಕು, ಬಿಸಿ ಹೆಚ್ಚಿದ್ದರೆ ಪಾದರಸದ ಕಡ್ಡಿಯಿಂದ ಅಳೆದು ಕೋಷ್ಟಕದ ಪ್ರಕಾರ ಲೆಕ್ಕ ಸರಿಮಾಡಿಕೊಳ್ಳಬೇಕು ಎಂದು ಅದರ ಮೂರನೆಯ ಸಾಲಿನಲ್ಲೇ ಇತ್ತು.

ರಜೆ ಮುಗಿಯುವುದಕ್ಕೆ ಮುಂಚೆಯೇ ಅವನು ಹಿಂದಿರುಗಿದ. ಕೂಸುಗಳ ಗುಡಿಸಲಿನಲ್ಲಿ ಐದು ತೊಟ್ಟಿಲಲ್ಲಿ ಎರಡು ಬರಿದಾಗಿದ್ದವು. ಹಾಲಿನಿಂದಲೇ ಹೋದವೋ, ಬೇರೆ ಕಾಯಿಲೆಯಿಂದಲೋ ಯಾರು ಹೇಳಬಲ್ಲರು. ಪಾತಮ್ಮ ಅವನ ಮುಖ ನೋಡಲಿಲ್ಲ. ಅವನು ಹುಲಿಯಪ್ಪನ ತಪ್ಪಲೆಗಳನ್ನು ಹಿಂದಕ್ಕೆ ಕಳಿಸಿ, ಉಳಿದ ಮೂರು ಕೂಸುಗಳ ಹಾಲಿಗೆ ಆಡು ಕಟ್ಟಿಸಿ, ಔಷಧದ ಚೀಲ ಹೆಗಲಿಗೆ ಹಾಕಿಕೊಂಡು ಹಟ್ಟಿಯ ಕಡೆ ನಡೆದ.

ಮುಳ್ಳುಬೇಲಿಯಾಚೆಯ ಗುಡಿಸಲು ಹತ್ತು ಮಾರು ದೂರದಿಂದಲೇ ನಾರುತ್ತಿತ್ತು. ಮುದ್ದಕ್ಕನ ಬೆರಳುಗಳು ಕಪ್ಪಗಾಗಿದ್ದವು, ಮುಂಗೈ ಊದಿ ಹೊಳೆಯುತ್ತಿತ್ತು. ಅವನು ಕಾರ್ಬಾಲಿಕ್ ನೀರಿನಿಂದ ತೊಳೆದ. ತೊಳೆಯುತ್ತಲೇ ಎಲ್ಲವನ್ನೂ ಹೇಳಿದ. ಒಡೆದ ಕಡ್ಡಿ, ಓದದ ಕಾಗದ, ಬಿಸಿ ಹಾಲು, ಒಂದನ್ನೂ ಮುಚ್ಚಲಿಲ್ಲ. ಅವಳು ಕಣ್ಣು ಮುಚ್ಚಿ ಕೇಳಿದಳು.

"ನನಗ್ಯಾಕೆ ಹೇಳ್ತೀರಿ, ಸಾಮೀ?" ಎಂದಳು ಕೊನೆಗೆ. "ನಾನು ನೀರು ಬೆರೆಸಿಲ್ಲ ಅಂತ ನನಗೆ ಗೊತ್ತೇ ಐತೆ. ಅವರಿಗೆ ಹೇಳ್ರಿ."

ಹಟ್ಟಿಯ ಗಂಡಸರೆಲ್ಲ ಬೇವಿನ ಮರದ ಕೆಳಗೆ ಸೇರಿದರು. ಶಿವಮೂರ್ತಪ್ಪ ನಿಂತುಕೊಂಡೇ ಹೇಳಿದ. ಅವಳ ಹಾಲು ಅಪ್ಪಟವಾಗಿತ್ತು, ತಪ್ಪೆಲ್ಲ ತನ್ನದು, ಬೇಕಾದರೆ ನಾಳೆ ಬೆಳಗಿನ ಜಾವ ಇಲ್ಲಿಯ ಹಾಲಿಗೇ ಗಾಜು ಬಿಟ್ಟು ತೋರಿಸುತ್ತೇನೆ ಎಂದ. ಮಾರಣ್ಣನ ಕಣ್ಣು ತುಂಬಿತ್ತು. ಅವನು ಕಂಬಳಿಯ ತುದಿಯಿಂದ ಮುಖ ಒರೆಸಿಕೊಂಡ.

"ನಿಮ್ಮ ಗಾಜು ಸುಳ್ಳು ಹೇಳ್ತು ಅಂತ ನೀವು ಬಂದು ಒಪ್ಕೊಂಡ್ರಿ. ದೊಡ್ಡ ಮಾತು ಬಿಡ್ರಿ," ಎಂದ. "ಆದ್ರೆ ದೇವರ ಮುಂದೆ ಆಕೆ ಕೈ ಬೆಂದೈತಲ್ಲ. ಆ ಬೆಂಕಿ ಸುಳ್ಳು ಹೇಳ್ತು ಅಂತ ನಾವು ಯಾರ ಹತ್ರ ಹೋಗಿ ಒಪ್ಕೊಳ್ಳಾಣ?"

"ಬಿಸಿಯಾದ್ರೆ ಯಾರ ಕೈಯಾದ್ರೂ ಬೇಯ್ತೈತೆ, ಯಜಮಾನ್ರೆ."

"ಹಂಗಂದ್ರೆ ನಮ್ಮ ಹಿರಿಯರು ಬೆಂದ ಕೈ ನೋಡಿ ಹೊರಗೆ ಹಾಕಿದೋರೆಲ್ಲ ಸತ್ಯವಂತರೇ ಆಗಿದ್ರಾ?" ಎಂದ ಮಾರಣ್ಣ. ಆದರೂ ತನ್ನ ಗಾಡಿ ಕಟ್ಟಿಸಿದ. ಹುಲ್ಲು ಹಾಸಿ, ತಂಗಿಯನ್ನು ತಾನೇ ಎತ್ತಿ ಮಲಗಿಸಿ, ದುರ್ಗದ ದಾರಿಗೆ ಎತ್ತು ತಿರುಗಿಸಿದ.

ದುರ್ಗದ ದೊಡ್ಡಾಸ್ಪತ್ರೆಯಲ್ಲಿ ಮೊಣಕೈ ಕೆಳಗೆ ಕೈ ತೆಗೆದರು. ಮುದ್ದಕ್ಕ ಬದುಕಿದಳು. ಹಟ್ಟಿಗೆ ಮಾತ್ರ ಹೋಗಲಿಲ್ಲ. ಪಾತಮ್ಮ ಅವಳನ್ನು ತನ್ನ ಗುಡಿಸಲಿಗೆ ಕರೆದುಕೊಂಡಳು. ಉಳಿದ ಕೂಸುಗಳನ್ನು ಮುದ್ದಕ್ಕ ಒಂದು ಕೈಯಲ್ಲೇ ತೊಡೆಯ ಮೇಲಿಟ್ಟುಕೊಂಡು ತೂಗುತ್ತಿದ್ದಳು.

ಶಿವಮೂರ್ತಪ್ಪ ಅಮಲ್ದಾರರಿಗೆ ಮತ್ತೊಂದು ಕಾಗದ ಬರೆದಿದ್ದ. ಒಡೆದ ಕಡ್ಡಿಯ ವಿಷಯವನ್ನೂ ಬರೆದಿದ್ದ. ಕೆಲಸ ಹೋಗುತ್ತದೆ, ಹೋಗಲಿ ಎಂದು ಕಾಯುತ್ತಿದ್ದ. ಹೋಗಲಿಲ್ಲ. ಮುಂದೆ ಎಚ್ಚರದಿಂದಿರತಕ್ಕದ್ದು ಎಂದು ಒಂದು ಸಾಲು ಬಂತು, ಅಷ್ಟೇ. ಹುಲಿಯಪ್ಪನನ್ನೂ ಯಾರಿಂದಲೂ ಏನೂ ಮಾಡಲಾಗಲಿಲ್ಲ. ಗಾಜು ಅವನ ಪರವಾಗಿಯೇ ಹೇಳಿತ್ತಲ್ಲ.

ಚೈತ್ರದಲ್ಲಿ ಕಾಯಿಲೆ ತಗ್ಗಿತು. ಜನ ಊರಿಗೆ ಮರಳಿದರು, ಕೂಸುಗಳನ್ನು ಬಂಧುಗಳು ಒಯ್ದರು, ಗುಡಿಸಲುಗಳಿಗೆ ಒಂದೊಂದಾಗಿ ಬೆಂಕಿ ಕೊಟ್ಟರು. ಪಾತಮ್ಮನದೊಂದು ಉಳಿದಿದ್ದ ದಿನ ತಾಲ್ಲೂಕು ಕಚೇರಿಯಿಂದ ಕಾಗದ ಬಂತು. ಶಿವಮೂರ್ತಪ್ಪ ಬಾಗಿಲ ಮುಂದೆ ಕೂತು ಮುದ್ದಕ್ಕನಿಗೆ ಓದಿ ಹೇಳಿದ. ನನ್ನಿವಾಳದ ಹಟ್ಟಿಯ ಮುದ್ದಕ್ಕ ಎಂಬುವಳ ಮೇಲಿನ ಆರೋಪ ನಿಜವಲ್ಲವೆಂದು ಕಂಡುಬಂದಿರುವುದರಿಂದ, ಶಿಬಿರಕ್ಕೆ ಹಾಲು ಕೊಡುವ ಕೆಲಸವನ್ನು ಅವಳಿಗೇ ಮತ್ತೆ ವಹಿಸಲಾಗಿದೆ.

ಅವಳು ಇನ್ನೊಂದು ಸಲ ಓದಿಸಿದಳು. ಆಮೇಲೆ ಬೂದಿಯಾದ ಬಯಲನ್ನು ನೋಡಿದಳು.

"ಯಾರಿಗೆ ಹಾಲು ಹಾಕ್ಲಿ, ಸಾಮೀ?" ಎಂದಳು. ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವನಿಗೆ ತಡೆಯಲು ಸುಲಭವಾಗುತ್ತಿತ್ತು.

ಮಾರನೆಯ ದಿನ ಅವಳು ದೇವಸಮುದ್ರದ ಕಡೆ ಇದ್ದ ತಂಗಿಯ ಊರಿಗೆ ಹೊರಟುಹೋದಳು. ಆಮೇಲೆ ಅವಳು ಅಲ್ಲೇ ತೀರಿಕೊಂಡಳು ಎಂದು ಯಾರೋ ಹೇಳಿದರು. ಇಲ್ಲ, ತಂಗಿಯ ಕುರಿ ಕಾಯುತ್ತಾಳೆ, ಕಣ್ಣಾರೆ ನೋಡಿದ್ದೇವೆ ಎಂದು ಇನ್ನು ಕೆಲವರು. ಮೊಳಕಾಲ್ಮೂರಿಗೆ ಹೋಗಿಬರುವಾಗಲೆಲ್ಲ ಶಿವಮೂರ್ತಪ್ಪ ಒಂದು ದಿನ ಹೆಚ್ಚು ಮಾಡಿಕೊಂಡು ಆ ಊರಿಗೆ ಹೋಗಬಹುದಾಗಿತ್ತು. ಪ್ರತಿ ಸಲವೂ ಹೋಗಬೇಕೆಂದುಕೊಂಡ. ಹೋಗಲಿಲ್ಲ.