ತಗಡಿನ ಹೂಜಿಗಿಡ

ಜೌಗಿನ ಅಂಚಿನಲ್ಲಿ ನಿಲ್ಲಿಸಿದ್ದ ಹೂಜಿಗಿಡದ ಒಳಗಿಂದ ಪಟಪಟ ಸದ್ದು ಕೇಳಿದಾಗ ನಾನು ಮೊದಲು ಲಕ್ಷ್ಯ ಕೊಡಲಿಲ್ಲ. ಬಿಸಿಲಿಗೆ ತಗಡು ಹಿಗ್ಗಿದರೆ ಸದ್ದು ಮಾಡುವುದುಂಟು. ಆದರೆ ತಗಡು ಚೀಂವ್ ಎನ್ನುವುದಿಲ್ಲ.

ಆ ಗಿಡ ಮಾಡಿದವಳು ನಾನೇ. ಹಗಲು ಭಾವನ ಶೆಡ್ಡಿನಲ್ಲಿ ದೊಡ್ಡ ಕಟ್ಟಡಗಳ ಗಾಳಿಕೊಳವೆಗಳಿಗೆ ತಗಡು ಮಡಚುತ್ತೇನೆ. ಶಿಲ್ಪ ಕಲಿತದ್ದು ಸಂಜೆ ತರಗತಿಯಲ್ಲಿ. ಜೌಗಿಗೆ ಮಣ್ಣು ಸುರಿಯಲು ಬಂದವರನ್ನು ತಡೆದ ಊರವರು, ಇಲ್ಲೇ ಹುಟ್ಟಿ ಹುಳ ಹಿಡಿದು ತಿಂದು ಬದುಕುವ ಗಿಡ ದಾರಿಹೋಕರ ಕಣ್ಣಿಗೂ ಬೀಳಲಿ ಎಂದು ರಸ್ತೆ ಬದಿಗೆ ಒಂದು ಶಿಲ್ಪ ಬೇಕೆಂದರು. ನಿಜವಾದ ಗಿಡ ಮೊಣಕಾಲೆತ್ತರ, ನನ್ನದು ಎರಡಾಳೆತ್ತರ. ಮರುದಿನ ಬೆಳಿಗ್ಗೆ ಅನಾವರಣ. ನನ್ನ ಕೆಲಸ ಜನರೆದುರು ನಿಲ್ಲುವುದು ಅದೇ ಮೊದಲು.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ಮೇಷ್ಟ್ರು ಮೊದಲೇ ಹೇಳಿದ್ದರು: "ಒಳಗಡೆ ಕೂದಲೆಲ್ಲ ಕೆಳಮುಖವಾಗಿರ್ಬೇಕಮ್ಮ. ಇಳಿಯೋ ಹುಳಕ್ಕೆ ದಾರಿ, ಹತ್ತೋ ಹುಳಕ್ಕೆ ಬೇಲಿ." ಹೊರಗಿನವರಿಗೆ ಕಾಣದ್ದು, ಬಿಡಬಹುದಿತ್ತು. ನನಗೆ ಹಾಗೆ ಬಿಡಲು ಬರುವುದಿಲ್ಲ. ಒಳಗೋಡೆಯ ತುಂಬ ಉಕ್ಕಿನ ತಂತಿಯ ಚೂರುಗಳನ್ನು ಒತ್ತೊತ್ತಾಗಿ, ಕೆಳಮುಖವಾಗಿ ಬೆಸೆದಿದ್ದೆ.

ಏಣಿ ಹತ್ತಿ ಬಗ್ಗಿ ನೋಡಿದೆ. ತಳದ ಮಳೆನೀರಿನಲ್ಲಿ ಒಂದು ಗುಬ್ಬಚ್ಚಿ. ಹಾರುತ್ತದೆ, ತಂತಿಗೆ ಬಡಿಯುತ್ತದೆ, ಬೀಳುತ್ತದೆ. ಕೈಗೆ ಎಟುಕಲಿಲ್ಲ. ಬಾಯಂಚು ಹಿಡಿದು ಕಾಲು ಇಳಿಬಿಟ್ಟೆ. ತಂತಿಗಳು ಮೈ ಸವರುತ್ತ ಬಾಗಿ ಸಲೀಸಾಗಿ ದಾರಿ ಬಿಟ್ಟವು.

ಗುಬ್ಬಚ್ಚಿ ಕೈಗೆ ಸಿಕ್ಕಿತು. ಹೊರಗೆ ಬರುವ ದಾರಿ ಸಿಗಲಿಲ್ಲ. ಒಂದು ಗೇಣು ಏರಿದೊಡನೆ ತಂತಿಗಳು ಬೆನ್ನಿನ ಬಟ್ಟೆಗೆ ಚುಚ್ಚಿಕೊಂಡವು, ಜಗ್ಗಿದರೆ ಚರ್ಮಕ್ಕೆ. ಇಳಿದರೆ ಬಿಡುತ್ತಿದ್ದವು. ಇಳಿಯಲು ಮಾತ್ರ ಅಪ್ಪಣೆ. ಭುಜ ಎರಡೂ ಕಡೆ ತಗಡಿಗೆ ತಾಗುತ್ತಿತ್ತು, ತಗಡು ಕಾದಿತ್ತು.

ಊಟದ ಡಬ್ಬಿ ತಂದ ಅಕ್ಕ ಹೊರಗೆ ಕೂಗಿದಳು. "ಎಲ್ಲಿದ್ದೀಯೇ?"

"ಒಳಗೆ."

"ಯಾವುದರ ಒಳಗೆ?"

ಹೇಳಿದೆ. ಅವಳು ನಕ್ಕಳು. "ಕಾಗೆ ಹೂಜಿಗೆ ಕಲ್ಲು ಹಾಕಿ ನೀರು ಮೇಲೆ ತಂತಂತೆ. ನಿನಗೂ ನಾಲ್ಕು ಹಾಕ್ಲಾ?" ನಾನು ನಗದಿದ್ದಾಗ ಅವಳ ದನಿ ಬದಲಾಯಿತು. "ಇರು, ಇವರನ್ನ ಕರೀತೀನಿ."

ಭಾವ ಬಂದು ಮೇಲಿಂದ ಹಗ್ಗ ಬಿಟ್ಟು ಎಳೆದರು. ನಾನು ಕಿರುಚಿದೆ. ಹಗ್ಗ ಸಡಿಲವಾಯಿತು.

"ಕೊಯ್ಯದೆ ಆಗಲ್ಲಮ್ಮ. ಹಿಂದುಗಡೆ ಕೊಯ್ಯಲಾ?"

"ಹಿಂದೆ ಕಂಬ ಇದೆ ಭಾವ. ಕೊಯ್ದರೆ ಗಿಡ ನಿಲ್ಲಲ್ಲ."

"ಹಾಗಾದ್ರೆ ಮುಂದೇನೇ."

ಮುಂದೆ, ರಸ್ತೆಗೆ ಕಾಣುವ ಕಡೆ, ನಾನು ಬಿಡಿಸಿದ ಕೆಂಪು ನರಗಳಿವೆ. ಒಂದೊಂದನ್ನೂ ಒರೆಸಿ ಮತ್ತೆ ಬಿಡಿಸಿದ್ದೆ.

"ಸ್ವಲ್ಪ ತಡೀರಿ," ಎಂದೆ.

"ಏನಕ್ಕೇ ತಡೀಬೇಕು? ಒಳಗೇ ಸಂಸಾರ ಹೂಡ್ತೀಯಾ?" ಅಕ್ಕನ ದನಿಯಲ್ಲಿ ಅಳುವಿತ್ತು.

ಮತ್ತೆ ಏರಲು ನೋಡಿದೆ. ಮತ್ತೆ ಚುಚ್ಚಿತು. ಅಂಗೈಯಲ್ಲಿ ಗುಬ್ಬಚ್ಚಿ ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು. ಆಮೇಲೆ ಒದ್ದಾಡುವುದನ್ನೂ ಬಿಟ್ಟಿತು. ತಲೆಯ ಮೇಲೆ ಬಟ್ಟಲಗಲದ ಆಕಾಶ.

"ಗ್ರೈಂಡರ್ ಬೇಡ ಭಾವ, ಕಿಡಿ ಒಳಗೆ ಬರುತ್ತೆ. ಡ್ರಿಲ್‌ನಲ್ಲಿ ತೂತು ಹಾಕಿ ತಗಡು ಕತ್ತರೀಲಿ ಕೊಯ್ಯಿರಿ."

"ಎಲ್ಲಿಂದ ಅಂತ ನೀನೇ ಬಡಿದು ತೋರಿಸು."

ಎಲ್ಲ ನರಗಳೂ ಕೂಡುವ ಜಾಗ ಒಳಗಿನಿಂದಲೂ ನನಗೆ ಗೊತ್ತಿತ್ತು. ಅಲ್ಲೇ ತಂತಿ ಕಡಿಮೆ. ಬೆರಳ ಗೆಣ್ಣಿನಿಂದ ಅಲ್ಲೇ ಬಡಿದೆ.

ಭಾವ ಕೊಯ್ದ ತೂತಿನಿಂದ ಮೊಣಕೈ ಊರಿ, ತಲೆ ಮುಂದಾಗಿ ಹೊರಗೆ ಬಂದೆ. ಹುಲ್ಲಿನ ಮೇಲೆ ಬಿಟ್ಟ ಗುಬ್ಬಚ್ಚಿ ಸ್ವಲ್ಪ ಹೊತ್ತು ಕುಳಿತು, ನನ್ನತ್ತ ತಿರುಗಿಯೂ ನೋಡದೆ ಹಾರಿತು. ಸುದ್ದಿ ತಿಳಿದು ಓಡಿಬಂದ ಮೇಷ್ಟ್ರು ತೂತಿನೊಳಗೆ ಇಣುಕಿ, "ಹಾಗಾದ್ರೆ ನಿಜಕ್ಕೂ ಹಿಡಿಯುತ್ತೆ!" ಎಂದು ಹಿಗ್ಗಿದರು. ನನ್ನ ಬೆನ್ನಿನ ಗೀರು ನೋಡಿ ಹಿಗ್ಗು ನುಂಗಿಕೊಂಡರು. ಆಮೇಲೆ ಮೆಲ್ಲಗೆ, "ಇದನ್ನ ಮುಚ್ತೀರಲ್ಲ? ನಿಜವಾದ ಗಿಡಕ್ಕೆ ಹೀಗೆ ಬಾಗಿಲಿರಲ್ಲ," ಎಂದರು.

"ನಿಜವಾದ ಗಿಡದೊಳಗೆ ನನ್ನ ತಂಗಿ ಬೀಳಲ್ಲ ಮೇಷ್ಟ್ರೇ," ಎಂದಳು ಅಕ್ಕ.

ಭಾವ ಕೊಯ್ದ ತುಂಡನ್ನು ಎತ್ತಿಕೊಂಡರು. "ಹಿಡ್ಕೋ. ಬೆಸೆದು ಬಣ್ಣ ಹಚ್ಚಿದ್ರೆ ನಾಳೆ ಯಾರಿಗೂ ತಿಳಿಯಲ್ಲ."

ಹಿಡಿದೆ. ಅಂಚಿಗೆ ಅಂಚು, ನರಕ್ಕೆ ನರ ಸರಿಯಾಗಿ ಕೂಡಿತು. ಯಾರಿಗೂ ತಿಳಿಯುತ್ತಿರಲಿಲ್ಲ. ಬೆಸುಗೆಯ ಕಡ್ಡಿ ಹತ್ತಿರ ಬಂದಾಗ ಒಳಗೆ ನೀರು ತುಳುಕಿದ ಸದ್ದು. ತುಂಡನ್ನು ತುಸು ಸರಿಸಿದೆ. ಇಷ್ಟು ಹೊತ್ತು ನನ್ನ ಕಾಲಡಿ ಎಲ್ಲಿ ಅಡಗಿತ್ತೋ, ಕಪ್ಪೆಯೊಂದು ಅಂಚಿಗೆ ಹಾರಿ, ಹರಿತ ತಗಡಿನ ಮೇಲೆ ಒಂದು ಕ್ಷಣ ಕುಳಿತು, ಜೌಗಿಗೆ ನೆಗೆಯಿತು.

ತುಂಡನ್ನು ನೆಲಕ್ಕಿಟ್ಟೆ. ನಾಳೆ ಬಂದವರು ಈ ತೂತು ಏಕೆಂದು ಕೇಳುತ್ತಾರೆ, ಕೇಳಲಿ.

"ಬೆಸುಗೆ ಬೇಡ ಭಾವ. ಅರ ಕೊಡಿ," ಎಂದೆ. ಕತ್ತಲಾಗುವ ಮೊದಲು ಆ ಅಂಚನ್ನು ನುಣ್ಣಗೆ ಉಜ್ಜಬೇಕಿತ್ತು.