ಕೊನೆಯ ಪುಟದಿಂದ ಓದುವ ಡೆಬೊರಾ ಬಾಯಿ

ಡೆಬೊರಾ ಬಾಯಿ ಮಕ್ಕಳ ಪುಸ್ತಕವೊಂದನ್ನು ಮೊದಲ ಪುಟದಿಂದ ತೆರೆದದ್ದನ್ನು ನಾನು ಕಂಡಿಲ್ಲ. ಪುಸ್ತಕ ಕೈಗೆ ಬಂದೊಡನೆ, ಅಬುಧಾಬಿಯ ಅಲ್ ಮೀನಾದ ಮಾರುಕಟ್ಟೆಯಲ್ಲಿ ಅಂಜಲ್ ಮೀನಿನ ಕಿವಿರೆತ್ತಿ ನೋಡುವ ಅದೇ ನಿರ್ದಾಕ್ಷಿಣ್ಯದಿಂದ ಅವರು ಅದರ ಹಿಂದಿನ ರಟ್ಟನ್ನು ಎತ್ತುತ್ತಾರೆ. ಕೊನೆಯ ಪುಟವನ್ನು ಎರಡು ಸಲ ಓದುತ್ತಾರೆ. ಕನ್ನಡಕವನ್ನು ಹಣೆಗೇರಿಸಿ "ನೋಡುವ" ಎನ್ನುತ್ತಾರೆ. ನಮ್ಮ ಮಂಗಳೂರಿನ ಕಡೆ "ನೋಡುವ" ಎಂದರೆ "ಆಗುವುದಿಲ್ಲ" ಎಂಬುದರ ಸಭ್ಯ ರೂಪವೆಂದು ಎಲ್ಲರಿಗೂ ಗೊತ್ತು. ಡೆಬೊರಾ ಬಾಯಿ ಮಾತ್ರ ನಿಜವಾಗಿಯೂ ನೋಡುತ್ತಾರೆ. ಲೇಖಕನೊಬ್ಬನ ಪಾಲಿಗೆ ಇದಕ್ಕಿಂತ ಅಪಾಯಕಾರಿಯಾದ ಅಭ್ಯಾಸ ಇನ್ನೊಂದಿಲ್ಲ.

ಮೂಲ ಶಿರ್ವದವರು. ದುಬೈಯ ಊದ್ ಮೇಥಾದ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಲೈಬ್ರರಿಯನ್ ಆಗಿದ್ದು, ಈಗ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ ಮಗಳ ಜೊತೆ ಇದ್ದಾರೆ. ಪುಸ್ತಕದ ಅಟ್ಟಿಗಳನ್ನು ಗಲ್ಲಕ್ಕೊತ್ತಿಕೊಂಡು ನಡೆದೂ ನಡೆದೂ, ಕೈ ಖಾಲಿಯಿದ್ದಾಗಲೂ ತುಸು ಹಿಂದಕ್ಕೆ ವಾಲಿ, ಗಲ್ಲವೆತ್ತಿ ಹೆಜ್ಜೆಯಿಡುವುದು ಅವರ ನಡಿಗೆ. ದೂರದಿಂದ ನೋಡಿದವರಿಗೆ ಅದು ಗರ್ವದಂತೆ ಕಾಣುತ್ತದೆ. ನಾನು ಬಹುಕಾಲ ದೂರದಿಂದಲೇ ನೋಡಿದೆ. ಹೊರಗೆ ಡಾಂಬರು ಕರಗುವ ಆಗಸ್ಟಿನಲ್ಲೂ ಬೂದುಬಣ್ಣದ ಉಣ್ಣೆಯ ಕಾರ್ಡಿಗನ್ ಮೈಮೇಲೆ, ಏಕೆಂದರೆ ಜೀವಮಾನವೆಲ್ಲ ಕಳೆದದ್ದು ಏಸಿಯ ಕೆಳಗೆ. ಅದರ ಜೇಬುಗಳಲ್ಲಿ ಹಳದಿ ಚೀಟಿಗಳೂ ಮೊಂಡು ಪೆನ್ಸಿಲುಗಳೂ ತುಂಬಿ, ಉಣ್ಣೆ ಮೊಣಕಾಲಿನವರೆಗೆ ಜೋತುಬಿದ್ದಿದೆ.

ಎರಡು ವರ್ಷಗಳ ಹಿಂದೆ ಆ ಐಲ್ಯಾಂಡಿನ ಕೆಲವು ಯೆಹೂದಿ ಕುಟುಂಬಗಳು ಕೂಡಿ, ಒಂದು ಗೋಪುರದ ನೆಲಮಹಡಿಯ ಕೋಣೆಯಲ್ಲಿ ತಮ್ಮ ಮಕ್ಕಳಿಗೊಂದು ಕಿರುಗ್ರಂಥಾಲಯ ಮಾಡಿದವು. ಅದಕ್ಕೆ ಬೈಬಲ್ ಕಥೆಯ ಪುಸ್ತಕಗಳನ್ನು ಆರಿಸಲು ನೆರೆಮನೆಯ ಡೆಬೊರಾ ಬಾಯಿಯನ್ನು ಕರೆದರು. ಈ ಸುದ್ದಿ ನನಗೆ ಭಾನುವಾರದ ಪೂಜೆ ಮುಗಿದು ಊದ್ ಮೇಥಾದ ನಮ್ಮ ಚರ್ಚಿನ ಅಂಗಳದಲ್ಲಿ ಚಹಾ ಕುಡಿಯುವಾಗ ತಲುಪಿತು, ಚಹಾ ಅಲ್ಲಿಗೇ ಕಹಿಯಾಯಿತು. ಇಪ್ಪತ್ತೆರಡು ವರ್ಷ ದೊತೊರ್ನ್ ತರಗತಿಯಲ್ಲಿ ಕೊಂಕಣಿ ಮಕ್ಕಳಿಗೆ ಧರ್ಮೋಪದೇಶ ಮಾಡಿದವನು ನಾನು. ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ "ಹಳೆಯ ಒಡಂಬಡಿಕೆಯ ನಲವತ್ತು ಕಥೆಗಳು, ನಲವತ್ತು ನೀತಿಗಳು" ಎಂಬ ಸಚಿತ್ರ ಗ್ರಂಥ ಬರೆದು ಮಂಗಳೂರಿನಲ್ಲಿ ಅಚ್ಚು ಹಾಕಿಸಿದವನೂ ನಾನೇ. ಅಬ್ರಹಾಮನ ವಂಶವೃಕ್ಷ ಬಾಯಿಪಾಠವಿರುವ ನಾನು ದುಬೈಯಲ್ಲಿ ಕುಳಿತಿರಲು, ಪುಸ್ತಕಕ್ಕೆ ಬೈಂಡು ಹಾಕಿ ನಂಬರು ಅಂಟಿಸುತ್ತಿದ್ದವರಿಗೆ ಈ ಮಾನವೇ?

"ನಿಮ್ಮನ್ನು ಎಂತಕ್ಕೆ ಕರೀತಾರೆ?" ಎಂದಳು ಹೆಂಡತಿ ಜೆಸ್ಸಿ, ಕಾರಿನಲ್ಲಿ. "ಡೆಬೊರಾ ಬಾಯಿ ಮೊದಲ ದಿನವೇ ‘ನನಗೆ ನಿಮ್ಮದು ಗೊತ್ತಿಲ್ಲ, ಕೇಳಿ ಕೇಳಿ ಮಾಡ್ತೇನೆ’ ಅಂದ್ರಂತೆ. ನೀವಾದ್ರೆ ಅವರ ರಬ್ಬಿಗೇ ಪಾಠ ಮಾಡಿ ಬರ್ತಿದ್ರಿ."

ಮುಂದಿನ ಶನಿವಾರ ಅವರ ಸಬ್ಬತ್ ದಿನವೆಂದು ಬಿಟ್ಟು, ಅದರ ಮರುದಿನ ನನ್ನ ಗ್ರಂಥದ ಹನ್ನೆರಡು ಪ್ರತಿಗಳನ್ನು ಚೀಲಕ್ಕೆ ತುಂಬಿ ಅಬುಧಾಬಿಗೆ ಹೊರಟೆ. ಆ ಕಪಾಟಿನಲ್ಲಿ ನನ್ನ ಹೆಸರಿರಬೇಕು. ಅಷ್ಟೇ ನನ್ನ ಹಠ.

ಗೋಪುರದ ಬಾಗಿಲಲ್ಲಿ ಉಳ್ಳಾಲದ ಕುಂಞಾಲಿ ಎಂಬ ಸೆಕ್ಯುರಿಟಿಯವರು ನನ್ನ ಚೀಲ ಬಿಚ್ಚಿಸಿದರು. ನನ್ನ ಕಣ್ಣೆದುರಿಗೇ ಡೆಬೊರಾ ಬಾಯಿ ಕಾರ್ಡಿಗನ್ ಜೋತಾಡಿಸುತ್ತ ಒಳಹೋದರು. ಅವರಿಗೆ ತಪಾಸಣೆಯ ಬದಲು ಒಂದು ಸಲಾಮು.

"ಸಾರ್, ಇದೆಲ್ಲ ಒಂದೇ ಪುಸ್ತಕವಾ?"

"ಹೌದು. ನಾನು ಬರೆದದ್ದು."

"ಓ. ಯಾರೂ ತಗೊಳ್ಳಲಿಲ್ಲವಾ?" ಎಂದರು ಕುಂಞಾಲಿ, ನಿಜವಾದ ಮರುಕದಿಂದ. "ಯಲ್ಲಾ, ಹೋಗಿ. ಬಾಯಮ್ಮ ಒಳ್ಳೆಯವರು, ಇಲ್ಲ ಅಂದ್ರೂ ಚಾ ಕೊಡ್ತಾರೆ."

ಒಳಗೆ ಮೊಣಕಾಲೆತ್ತರದ ಕಪಾಟುಗಳು, ಕೆಂಪು ಚಾಪೆ. ಕಪಾಟುಗಳಲ್ಲಿ ಅರ್ಧಕ್ಕರ್ಧ ಖಾಲಿ ಜಾಗ, ಅದನ್ನು ನೋಡಿದ ಕೂಡಲೇ ನನ್ನ ಪುಸ್ತಕದ ಬೆನ್ನಿನ ಅಗಲವನ್ನು ಮನಸ್ಸು ಅಳೆದುಕೊಂಡಿತು. ಇದ್ದ ಪುಸ್ತಕಗಳ ಸಾಲುಗಳ ಮೇಲೆ ವಿಷಯವಾರು ಹೆಸರು ಬರೆದ ಪಟ್ಟಿಗಳಿದ್ದವು. ಬೈಬಲ್ ಕಥೆಗಳ ಸಾಲಿನ ಮೇಲೆ ಮಾತ್ರ ಪಟ್ಟಿ ಕಿತ್ತ ಗುರುತು.

"ಅದು ನಾನೇ ಕಿತ್ತದ್ದು, ಬಾಬ್," ಎಂದು ನಮ್ಮ ಕೊಂಕಣಿಯ ಮರ್ಯಾದೆಯಲ್ಲಿ ಕರೆದು ಡೆಬೊರಾ ಬಾಯಿ ಜೇಬಿನಿಂದ ಮುದುಡಿದ ಕಾರ್ಡೊಂದನ್ನು ತೆಗೆದರು. ಅವರದೇ ದುಂಡಕ್ಷರದಲ್ಲಿ ಇಂಗ್ಲಿಷಿನಲ್ಲಿ "ಹಳೆಯ ಒಡಂಬಡಿಕೆ" ಎಂದಿತ್ತು. "ಮೊದಲ ದಿನ ಬರೆದು ಅಂಟಿಸಿದ್ದೆ. ನಮ್ಮ ಬಾಯಿಗೆ ಅದೇ ಬರುದಲ್ವಾ? ಒಂದು ಸಣ್ಣ ಹುಡುಗಿ ಕೇಳಿದ್ಳು, ‘ಇದು ಹಳತಾದ್ರೆ ಹೊಸತು ಎಲ್ಲಿದೆ?’ ಅಂತ. ನನಗೆ ಮುಖ ಎಲ್ಲಿಡುದು ಗೊತ್ತಾಗ್ಲಿಲ್ಲ. ಅವರಿಗೆ ಇದು ಹಳತೂ ಅಲ್ಲ, ಹೊಸತೂ ಅಲ್ಲ, ಇರುವುದೇ ಇದು. ಮರೀಬಾರದು ಅಂತ ಜೇಬಲ್ಲಿ ಇಟ್ಕೊಂಡಿದ್ದೇನೆ."

ನನ್ನ ಗ್ರಂಥದ ರಟ್ಟಿನ ಮೇಲೆ ಅದೇ ಎರಡು ಪದಗಳು ಚಿನ್ನದ ಅಕ್ಷರಗಳಲ್ಲಿ ಮಿರುಗುತ್ತಿದ್ದವು. ಚೀಲದ ಬಾಯಿಯನ್ನು ಸ್ವಲ್ಪ ಮುಚ್ಚಿ, ಒಂದೇ ಪ್ರತಿಯನ್ನು ಅವರ ಕೈಗಿತ್ತೆ. ಕಿವಿರು ಎತ್ತಿದರು. ಕೊನೆಯ ಪುಟವನ್ನು ಎರಡು ಸಲ ಓದಿದರು.

"ನೋಡುವ," ಎಂದರು.

ಮೂರು ವಾರ ನೋಡಿದರು. ಆ ಮೂರು ವಾರ ನಾನು ಪಟ್ಟ ಮತ್ಸರಕ್ಕೆ ಮಿತಿಯಿಲ್ಲ. ಯಾವ ಯಾವ ದೇಶದ ಪುಸ್ತಕಗಳು ಅಲ್ಲಿಗೆ ಸೇರುತ್ತಿವೆಯೋ ಎಂದು ಕಾಣದ ಲೇಖಕರ ಮೇಲೆ ಹಲ್ಲು ಕಡಿದೆ. ತರಗತಿಯಲ್ಲಿ ನೋವನ ಕಥೆ ಹೇಳುವಾಗಲೂ ನಾವೆಗೆ ಯಾರನ್ನು ಹತ್ತಿಸಬೇಕೆಂದು ತೀರ್ಮಾನಿಸುವವರು ಕಾರ್ಡಿಗನ್ ಹಾಕಿಕೊಂಡು ನಿಂತಂತೆ ಕಂಡಿತು.

ಮತ್ತೆ ಹೋದಾಗ ನನ್ನ ಪುಸ್ತಕ ಹಳದಿ ಚೀಟಿಗಳಿಂದ ಊದಿಕೊಂಡಿತ್ತು. ಆದಾಮನ ಕಥೆಯಲ್ಲಿ: "ಹಣ್ಣು ಸರಿ, ಸೇಬು ಎಲ್ಲಿಂದ ಬಂತು?" ಸೃಷ್ಟಿಯ ಚಿತ್ರದ ಬಳಿ: "ಈ ಗಡ್ಡದ ಮುದುಕ ಯಾರು? ಇವರು ದೇವರ ಚಿತ್ರ ಬರೆಯುವುದಿಲ್ಲ." ಸೌದೆ ಹೊತ್ತು ಬೆಟ್ಟವೇರುವ ಇಸಾಕನಲ್ಲಿ ನಾನು ಶಿಲುಬೆ ಹೊತ್ತ ಪ್ರಭುವನ್ನು ಕಾಣಿಸಿದ್ದ ಕಡೆ: "ಸೌದೆ ಸೌದೆಯೇ ಇರಲಿ."

"ಬಾಬ್, ಬೇಸರ ಮಾಡ್ಬೇಡಿ," ಎಂದರು ಡೆಬೊರಾ ಬಾಯಿ. "ಊದ್ ಮೇಥಾದ ನಮ್ಮ ಮಕ್ಕಳಿಗೆ ಇದು ಒಳ್ಳೆಯದೇ. ಆದ್ರೆ ಈ ಮಕ್ಕಳ ಮನೆಯ ಕಥೆ ತಗೊಂಡು, ಪ್ರತಿ ಸಲ ಕೊನೆಗೆ ನಮ್ಮ ಮನೆಗೆ ಕರ್ಕೊಂಡು ಬರ್ತೀರಿ. ಅವರು ಅವರ ಮನೇಲೇ ಕೂತು ಕೇಳ್ಬೇಕಲ್ವಾ?"

ನಾನು ಎದ್ದೆ. ಆಗ ಅವರು ತೋಳು ಹಿಡಿದು ನಿಲ್ಲಿಸುವಂಥ ಮಾತೊಂದು ಹೇಳಿದರು: "ಒಂದು ಕಥೆಗೆ ಮಾತ್ರ ನಾನು ಚೀಟಿ ಹಾಕ್ಲಿಲ್ಲ. ಯೋನನದ್ದು. ಅದೊಂದು ಬೇರೆ ಯಾರೋ ಬರೆದ ಹಾಗೆ ಉಂಟು."

ಯೋನನ ಕಥೆ! ಆ ಕಥೆಯ ಕೊನೆಯ ಪ್ಯಾರಾವನ್ನು ಪ್ರೆಸ್ಸಿನವರು ನುಂಗಿಬಿಟ್ಟಿದ್ದರು. ಮೀನಿನ ಹೊಟ್ಟೆಯ ಮೂರು ದಿನಗಳನ್ನು ಪ್ರಭುವಿನ ಸಮಾಧಿಯ ಮೂರು ದಿನಗಳಿಗೆ ಹೋಲಿಸಿ ಬರೆದ ಅದು, ನನ್ನ ಮಟ್ಟಿಗೆ ಇಡೀ ಗ್ರಂಥದ ಕಿರೀಟ. ಅದನ್ನು ಬೇರೆ ಕಾಗದದಲ್ಲಿ ಅಚ್ಚು ಹಾಕಿಸಿ, "ಮುದ್ರಣದೋಷ, ಓದುಗರು ಕ್ಷಮಿಸಿ ಇದನ್ನು ಸೇರಿಸಿ ಓದಬೇಕು" ಎಂಬ ತಲೆಬರಹ ಕೊಟ್ಟು, ಜೆಸ್ಸಿಯೂ ನಾನೂ ಒಂದು ವಾರ ಕುಳಿತು ಪ್ರತಿಯೊಂದು ಪ್ರತಿಗೂ ಅಂಟಿಸಿದ್ದೆವು. ಡೆಬೊರಾ ಬಾಯಿಯ ಪ್ರತಿಯಲ್ಲಿ ಗೋಂದು ಒಣಗಿ ಆ ಕಾಗದ ಉದುರಿತ್ತು. ಉಳಿದದ್ದು, ನಾಶವಾಗುವುದೆಂದು ತಾನು ಸಾರಿದ ಊರನ್ನು ದೇವರು ಕ್ಷಮಿಸಿದ್ದಕ್ಕೆ ಮುನಿದು ಕುಳಿತ ಯೋನನಿಗೆ ದೇವರು ಕೇಳುವ ಮಾತು: ಎಡಗೈ ಬಲಗೈ ತಿಳಿಯದ ಅಷ್ಟು ಜನ, ಅಷ್ಟು ದನಕರು ಇರುವ ಊರಿನ ಮೇಲೆ ನನಗೆ ಕನಿಕರ ಬರಬಾರದೆ?

"ಅದನ್ನು ನಾನು ಬೇಕಂತಲೇ ಹಾಗೆ..." ಎಂದು ಆರಂಭಿಸಿದೆ. ಅಷ್ಟರಲ್ಲಿ ಅವರು ಉದುರಿದ ಕಾಗದವನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು.

"ಮೂಲದಲ್ಲೂ ಅಲ್ಲಿಗೇ ಮುಗೀತದೆ, ಬಾಬ್. ಪ್ರಶ್ನೆಗೆ. ಅವರದ್ರಲ್ಲೂ, ನಮ್ಮದ್ರಲ್ಲೂ. ಇಪ್ಪತ್ತೆರಡು ವರ್ಷ ಕಲಿಸಿದ್ದೀರಿ, ನೋಡಿರ್ಲಿಲ್ವಾ?"

ನೋಡಿರಲಿಲ್ಲ. ಪ್ರತಿ ವರ್ಷ ಮೀನು ಉಗುಳಿದ ಕೂಡಲೇ ನಾನು ನೀತಿಯ ಕಡೆಗೆ ಧಾವಿಸಿದ್ದೆ.

"ಅವರ ದೊಡ್ಡ ಉಪವಾಸದ ದಿನ ಹತ್ತಿರ ಬಂತು. ಆ ದಿನ ಯೋನನನ್ನೇ ಓದುದು. ನಾನು ತರಿಸಿದ ಎಲ್ಲ ಪುಸ್ತಕ ಮೀನಿನ ಹತ್ರವೇ ಮುಗೀತದೆ. ಇವತ್ತು ನಿಮ್ಮದನ್ನು ಓದ್ಲಾ?"

ಆ ಸಂಜೆ ಚಾಪೆಯ ಮೇಲೆ ಹತ್ತು ಹನ್ನೊಂದು ಮಕ್ಕಳು. ಡೆಬೊರಾ ಬಾಯಿ ಓದಿ ಮುಗಿಸಿ ಪುಸ್ತಕ ಮುಚ್ಚಿದರು, ಬಾಯಿಯನ್ನೂ. "ಯೋನ ಏನೆಂದ?" ಎಂದಿತು ಒಂದು ಮಗು. "ಬರೆದಿಲ್ಲ," ಎಂದರು. "ದನಗಳನ್ನು ಯಾಕೆ ಹೇಳಿದ್ದು? ಅವೇನು ತಪ್ಪು ಮಾಡಿದ್ದವು?" ಎಂದಿತು ಇನ್ನೊಂದು. ಆಮೇಲೆ ಜಗಳ ಶುರುವಾಯಿತು: ಯೋನ ಮನೆಗೆ ಹೋದನೆಂದು ಒಬ್ಬಳು, ಹೋಗಿರಲಾರ, ನಾಚಿಕೆಯಾಗಿರುತ್ತದೆ ಎಂದು ಇನ್ನೊಬ್ಬಳು. ತಾಯಂದಿರು ಬಂದು ಬಾಗಿಲಲ್ಲಿ ನಿಂತರೂ ಮುಗಿಯಲಿಲ್ಲ. ನನ್ನ ತರಗತಿಯ ಮಕ್ಕಳು ಕಥೆ ಮುಗಿದಾಗ ನೋಡುವುದು ಗಡಿಯಾರವನ್ನು. ಡೆಬೊರಾ ಬಾಯಿಗೆ ಸಿಕ್ಕ ಕೆಲಸಕ್ಕಾಗಿ ಹೊಟ್ಟೆ ಉರಿದದ್ದು ಅಲ್ಪ. ಆ ಜಗಳಕ್ಕಾಗಿ ಉರಿದ ಉರಿ ಇಂದಿಗೂ ಆರಿಲ್ಲ.

ಈಗ ಆ ಕಪಾಟಿನಲ್ಲಿ ನಾನಿದ್ದೇನೆ: ಯೋನನ ಕಥೆಯ ನಾಲ್ಕು ಹಾಳೆಗಳ ಜೆರಾಕ್ಸು, ಎರಡು ಸ್ಟೇಪ್ಲರ್ ಪಿನ್ನು, ದುಂಡಕ್ಷರದಲ್ಲಿ ನನ್ನ ಹೆಸರು. "ಪೂರ್ತಿ ಪುಸ್ತಕ, ಎಂದಾದರೂ?" ಎಂದು ಕೇಳಿದ್ದೆ. "ನೋಡುವ," ಎಂದರು. ಆ ಒಂದು ಸಲ ಅದು ನಮ್ಮ ಮಂಗಳೂರಿನ "ನೋಡುವ" ಆಗಿತ್ತು.

ಲೋಕದಲ್ಲಿ ಬರೆಯುವವರಿಗೆ ಬರವಿಲ್ಲ, ಬೋಧಿಸುವವರಿಗೆ ಮೊದಲೇ ಇಲ್ಲ. ಆರಿಸುವವರು ವಿರಳ. ಅವರ ಹೆಸರು ಯಾವ ರಟ್ಟಿನ ಮೇಲೂ ಇರುವುದಿಲ್ಲ. ಅವರ ಶ್ರಮದ ಬಹುಭಾಗ ಕಪಾಟಿನಲ್ಲಿ ಖಾಲಿ ಜಾಗವಾಗಿ ಕುಳಿತಿರುತ್ತದೆ. ಕಥೆ ಯಾರ ಮನೆಯದೆಂದು ಮೊದಲು ವಿಚಾರಿಸಿ, ಅದು ನಿಂತಲ್ಲಿ ತಾವೂ ನಿಲ್ಲುವ ಆ ವಿನಯವನ್ನು ನಮ್ಮಂಥವರು ಅಹಂಕಾರವೆಂದು ತಿಳಿಯುತ್ತೇವೆ, ಏಕೆಂದರೆ ನಮಗೆ ಗೊತ್ತಿರುವುದು ಅದೊಂದೇ. ಇದರ ಕೆಳಗೊಂದು ನೀತಿ ಸೇರಿಸಲು ಕೈ ತುರಿಸುತ್ತಿದೆ. ಆದರೆ ಡೆಬೊರಾ ಬಾಯಿ ಇದನ್ನೂ ಕೊನೆಯಿಂದಲೇ ಓದುತ್ತಾರೆ.