ಕಿವಿಗಿಟ್ಟು ಆರಿಸಿದ ಕಂಪ್ಯೂಟರ್

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಲಾಲ್ ಬಾಷಾರ ಕಿವಿಗೆ ದೊಡ್ಡ ಹೆಸರು. ರೇಷ್ಮೆಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು. ಒಳಗೆ ಹುಳು ಗಲಗಲ ಅಂದರೆ ಸರಕು ಚೊಕ್ಕ. ಸದ್ದಿಲ್ಲದಿದ್ದರೆ ಹುಳು ಸತ್ತು ಅಂಟಿಕೊಂಡಿದೆ, ನೂಲು ಹಾಳು. ತೊಂಬತ್ತೊಂಬತ್ತರಲ್ಲಿ ಮಗ ದಸ್ತಗಿರ್ ಕಂಪ್ಯೂಟರ್ ಜೋಡಿಸುತ್ತೇನೆ ಅಂದಾಗ ಅವರು ಹಾಕಿದ ಷರತ್ತು ಒಂದೇ: "ಸಾಮಾನು ಆರಿಸೋಕೆ ನಾನೂ ಬರ್ತೀನಿ. ಇಲ್ದಿದ್ರೆ ಒಂದು ಕಾಸೂ ಇಲ್ಲ."

ಕಂಪ್ಯೂಟರ್ ಬೇಕಿದ್ದದ್ದು ತಂಗಿ ಬಾನುಗೆ. ಬಸ್ ಸ್ಟ್ಯಾಂಡಿನ ವಿಡಿಯೋ ಗೇಮ್ ಅಂಗಡಿಯಲ್ಲಿ ಕಾರ್ ರೇಸ್ ಆಡಿ ಹುಡುಗರಿಗೆಲ್ಲ ಮಣ್ಣು ಮುಕ್ಕಿಸುತ್ತಿದ್ದವಳು. ಹತ್ತನೇ ಕ್ಲಾಸು ಮುಗಿದದ್ದೇ ತಡ, ಇನ್ನು ಅಲ್ಲಿಗೆ ಹೋಗಕೂಡದು ಎಂದು ತಾಯಿ ಅಪ್ಪಣೆ ಮಾಡಿದರು. ಅವಳು ಊಟ ಬಿಟ್ಟು ಕೂತಳು. "ಆ ಅಂಗಡೀನೇ ಮನೆಗೆ ತರ್ತೀನಿ, ತಿನ್ನೇ!" ಎಂದು ಗದರಿಸಿಯೇ ದಸ್ತಗಿರ್ ಮಾತು ಕೊಟ್ಟಿದ್ದ.

ಅಪ್ಪ ಮಗ ಇಬ್ಬರೂ ಚಿಕ್ಕಬಳ್ಳಾಪುರದ ವೆಂಕಟೇಶಮೂರ್ತಿಯ ಕಂಪ್ಯೂಟರ್ ಅಂಗಡಿಗೆ ಹೋದರು. ದಸ್ತಗಿರ್ ಪೆಂಟಿಯಂ ಆಸೆ ಬಿಟ್ಟು ಅಗ್ಗದ ಸೆಲೆರಾನ್ ಚಿಪ್ ಹಿಡಿದ. ಹದಿನೈದಿಂಚಿನ ಮಾನಿಟರನ್ನು ತಿರುಗಿಯೂ ನೋಡದೆ ಹದಿನಾಲ್ಕಕ್ಕೆ ಇಳಿದ. ಹಾಗೆ ಉಳಿಸಿದ ದುಡ್ಡನ್ನೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಸುರಿದ. ಅದಿಲ್ಲದಿದ್ದರೆ ಕಾರು ಓಡುವುದಿಲ್ಲ, ತೆವಳುತ್ತದೆ. ಕೊನೆಗೆ ಬೇಕಾದದ್ದು ಎಲ್ಲಕ್ಕೂ ಕರೆಂಟು ಹಂಚುವ ಎಸ್‌ಎಂಪಿಎಸ್ ಡಬ್ಬಿ. ಮೂರ್ತಿ ಎರಡು ತಂದಿಟ್ಟ. ಲಾಲ್ ಬಾಷಾ ಎರಡನ್ನೂ ಕಿವಿಗಿಟ್ಟು ಅಲ್ಲಾಡಿಸಿದರು. ಒಂದು ಉಸಿರೆತ್ತಲಿಲ್ಲ. ಇನ್ನೊಂದು ಗಲಗಲ.

"ಇದೇ. ಇದರಲ್ಲಿ ಜೀವ ಇದೆ."

"ಅಬ್ಬಾ, ಒಳಗೆ ಏನೋ ಕಳಚ್ಕೊಂಡಿದೆ. ಹಾಕಿದ್ರೆ ಕಾರ್ಡೂ ಸುಟ್ಟೋಗುತ್ತೆ!" ಎಂದ ಮಗ.

"ಎಂಟನೇ ಕ್ಲಾಸಲ್ಲಿ ಸ್ಕೂಲ್ ಬಿಟ್ಟು ಓಡಿಬಂದೋನು ನೀನು. ನನ್ನ ಕಿವಿಗೆ ಪಾಠ ಹೇಳ್ತೀಯೇನೋ?"

ದಸ್ತಗಿರ್‌ಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಮೂರ್ತಿ ಕಿಸಕ್ಕನೆ ನಕ್ಕ. "ಸಾಹೇಬ್ರೇ, ಇದೇನು ರೇಷ್ಮೆಗೂಡಾ?"

ಲಾಲ್ ಬಾಷಾರ ಮುಖ ಸಣ್ಣಗಾಯಿತು. ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟರು. ಮಾರ್ಕೆಟ್ಟಿನಲ್ಲಿ ಅವರ ಎದುರು ಹಾಗೆ ನಕ್ಕವನನ್ನು ದಸ್ತಗಿರ್ ಕಂಡಿರಲಿಲ್ಲ.

"ನಗೋದೇನಿದೆ ರೀ ಇದರಲ್ಲಿ?" ಎಂದು ಮೂರ್ತಿಯ ಮೇಲೆ ಎಗರಿದ. "ನಮ್ಮಪ್ಪ ಆರಿಸಿದ್ದೇ ಕಟ್ಟಿ!"

ಮನೆಯಲ್ಲಿ ತಂದೆ ಸಂಜೆಯ ಅಸರ್ ನಮಾಜಿಗೆ ಹೋಗುವುದನ್ನೇ ಕಾದು ದಸ್ತಗಿರ್ ಆ ಡಬ್ಬಿಯ ಸೀಲು ಹರಿದ. ಗ್ಯಾರಂಟಿ ಅಲ್ಲಿಗೆ ಮುಗಿಯಿತು. ಬೋರಲು ಹಾಕಿ ತಟ್ಟಿದಾಗ ಒಂದು ಪುಟ್ಟ ಸ್ಕ್ರೂ ಉದುರಿತು.

"ಅಬ್ಬಾಗೆ ತೋರಿಸ್ಲಾ?" ಬಾನು ಅದನ್ನೆತ್ತಿಕೊಂಡು ಕಣ್ಣು ಮಿಟುಕಿಸಿದಳು.

"ತೋರಿಸಿ ನೋಡು, ಕೀಬೋರ್ಡ್ ಬಾವಿಗೆ ಹಾಕ್ತೀನಿ!" ಸ್ಕ್ರೂ ಕಿತ್ತುಕೊಂಡು ಜೇಬಿಗೆ ಹಾಕಿದ.

ಲಾಲ್ ಬಾಷಾ ರಾತ್ರಿಯ ನಮಾಜನ್ನೂ ಮುಗಿಸಿ ಬರುವ ಹೊತ್ತಿಗೆ ಎಲ್ಲ ಜೋಡಿಸಿಯಾಗಿ ಪರದೆಯ ಮೇಲೆ ಕೆಂಪು ಕಾರು ಹಾರುತ್ತಿತ್ತು. ಟೋಪಿ ತೆಗೆಯುವುದನ್ನೂ ಮರೆತು ಮಗಳ ಪಕ್ಕ ಕುಕ್ಕರಿಸಿದರು.

"ನೋಡಿದ್ಯಾ? ಆ ಸದ್ದಿಲ್ಲದ್ದು ತಂದಿದ್ರೆ ಏನಾಗ್ತಿತ್ತು?"

"ಕೆಡ್ತಿತ್ತು, ಅಬ್ಬಾ," ಅಂದ ದಸ್ತಗಿರ್.

ಬಾನುಗೆ ನಗು ತಡೆಯಲಾಗಲಿಲ್ಲ. ಕಾರು ಹೋಗಿ ಗೋಡೆಗೆ ಗುದ್ದಿತು.